ಮಾರಾಟಕ್ಕಿರುವ ಹೆರಿಟೇಜ್ ಕ್ಲಾಸಿಕ್: ಇಷ್ಟು ದೊಡ್ಡ ಕ್ರೂಸರ್‌ನಲ್ಲಿ ನೋಟದಾಚೆಗೆ ಏನಿದೆ?

ಉದ್ದದಾರಿ

ಬಳಸಿದ ಹಾರ್ಲೆ-ಡೇವಿಡ್‌ಸನ್ ಹೆರಿಟೇಜ್ ಕ್ಲಾಸಿಕ್ ಕ್ರೂಸರ್ (ನಿರಾಳವಾದ ದೂರ ಸವಾರಿಗೆಂದು ಮಾಡಿದ ತಗ್ಗಿನ, ಭಾರದ ಮೋಟರ್‌ಸೈಕಲ್) ಒಂದು ಮಾರಾಟಕ್ಕಿದೆ. ಕೊಳ್ಳುವ ಆಸೆ ಬಲವಾಗಿರುವುದರಿಂದಲೇ, ಮುಂದುವರಿಯುವ ಮೊದಲು ತಿಳಿದವರನ್ನು ಕೇಳುವುದು ಒಳ್ಳೆಯದೆಂದು ಇಲ್ಲಿ ಬರೆಯುತ್ತಿದ್ದೇನೆ. ಗಾಡಿ 2018ರ ಮಾದರಿಯದು. 107 ಘನ ಇಂಚಿನ, ಅಂದರೆ 1745 ಸಿಸಿಯ ಮಿಲ್ವಾಕಿ-ಎಯ್ಟ್ ಎಂಜಿನ್, ಆರು ಗೇರು, ಹಿಂಚಕ್ರಕ್ಕೆ ಬೆಲ್ಟು, ಎಬಿಎಸ್, ಕ್ರೂಸ್ ಕಂಟ್ರೋಲ್, ಕಳಚಿಡಬಹುದಾದ ವಿಂಡ್‌ಶೀಲ್ಡ್, ಬೀಗವಿರುವ ಎರಡು ಸ್ಯಾಡಲ್‌ಬ್ಯಾಗುಗಳು ಇವೆ. ಮೀಟರಿನಲ್ಲಿ ಓಟ ತುಂಬ ಕಡಿಮೆ ಇದೆ. ಮಾರುವವರು ಅದನ್ನೇ ದೊಡ್ಡ ಗುಣವೆಂದು ಹೇಳುತ್ತಿದ್ದಾರೆ.

ನನ್ನ ಗೊಂದಲ ಅಂಕಿಗಳ ಬಗ್ಗೆ. ಇಷ್ಟು ದೊಡ್ಡ ಎಂಜಿನ್ ಕೊಡುವ ಶಕ್ತಿ 90 ಅಶ್ವಶಕ್ತಿಯನ್ನೂ ಮುಟ್ಟುವುದಿಲ್ಲ, ಆದರೆ ಸವಾರಿಗೆ ಸಿದ್ಧವಾದ ಗಾಡಿಯ ತೂಕ 330 ಕೆಜಿ. ಇದರ ಅರ್ಧದಷ್ಟು ಸಿಸಿಯ ಬೈಕುಗಳು ಇದಕ್ಕಿಂತ ವೇಗವಾಗಿ ಓಡುತ್ತವೆ. ಹಾಗಿದ್ದರೂ ಜನ ದೊಡ್ಡ ಕ್ರೂಸರ್‌ಗಾಗಿ ಹಂಬಲಿಸುವುದೇಕೆ? ಕೊಂಡು ಓಡಿಸಿದವರು ವಿವರವಾಗಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ತಿರುವುಪ್ರಿಯ

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರವಿದೆ ಎಂದು ನನಗನಿಸುತ್ತದೆ. ನಾಲ್ಕು ಸಿಲಿಂಡರಿನ 600 ಸಿಸಿಯ ಸ್ಪೋರ್ಟ್ಸ್ ಬೈಕು 100 ಅಶ್ವಶಕ್ತಿಯನ್ನು ಸುಲಭವಾಗಿ ದಾಟುತ್ತದೆ, ತೂಕವೂ 200 ಕೆಜಿಯ ಆಸುಪಾಸಿನಲ್ಲಿರುತ್ತದೆ. ಈ ಕ್ರೂಸರ್‌ ಅನ್ನು ತಿರುವಿನಲ್ಲಿ ಸುಮಾರು 27 ಡಿಗ್ರಿ ವಾಲಿಸುವಷ್ಟರಲ್ಲಿ ಫುಟ್‌ಬೋರ್ಡು ನೆಲಕ್ಕೆ ಉಜ್ಜುತ್ತದೆ. 330 ಕೆಜಿಯನ್ನು ನಿಲ್ಲಿಸಲು ಮುಂಚಕ್ರದಲ್ಲಿ ಇರುವುದು ಒಂದೇ ಡಿಸ್ಕು. ನೋಟ, ಹೆಸರು, ಸದ್ದು ಈ ಮೂರನ್ನು ಬಿಟ್ಟರೆ ಇದರಲ್ಲಿ ಹಣ ಕೊಡಬೇಕಾದ ಇನ್ನೊಂದು ಸಂಗತಿಯನ್ನು ಯಾರಾದರೂ ತೋರಿಸಲಿ.

ಮಂದಗತಿ

ತೋರಿಸುತ್ತೇನೆ, ತಿರುವುಪ್ರಿಯ ಅವರೇ. ನೀವು ಗರಿಷ್ಠ ಶಕ್ತಿಯನ್ನು ನೋಡುತ್ತಿದ್ದೀರಿ. ಆದರೆ ಸವಾರ ದಿನವಿಡೀ ಬಳಸುವುದು ಗರಿಷ್ಠ ಶಕ್ತಿಯನ್ನಲ್ಲ, ಎಂಜಿನ್ ನಿರಾಳವಾಗಿ ತಿರುಗುವ ವೇಗದಲ್ಲಿ ಸಿಗುವ ಎಳೆತವನ್ನು. ಈ 107 ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿ ಸುಮಾರು 145 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಲೆಕ್ಕ ಹಾಕಿದರೆ ಆ ವೇಗದಲ್ಲಿಯೇ ಅದು 60 ಅಶ್ವಶಕ್ತಿ ಉತ್ಪಾದಿಸುತ್ತಿರುತ್ತದೆ. ನೀವು ಹೇಳುವ 600 ಸಿಸಿಯ ಎಂಜಿನ್ ತನ್ನ ಗರಿಷ್ಠ ಟಾರ್ಕ್ ಆದ 65 ನ್ಯೂಟನ್ ಮೀಟರಿನ ಆಸುಪಾಸನ್ನು ಮುಟ್ಟಲು 10,000 ಸುತ್ತಿನವರೆಗೆ ಏರಬೇಕು. 3000 ಸುತ್ತಿನಲ್ಲಿ ಅದು ಇನ್ನೂ ಸರಿಯಾಗಿ ಎಚ್ಚರವೇ ಆಗಿರುವುದಿಲ್ಲ.

ಇದರ ಫಲ ರಸ್ತೆಯಲ್ಲಿ ಹೇಗೆ ಕಾಣುತ್ತದೆಂದರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಆರನೆಯ ಗೇರಿನಲ್ಲಿ ಹೋಗುವಾಗ ಈ ಎಂಜಿನ್ ಎರಡೂವರೆ ಸಾವಿರ ಸುತ್ತಿಗೂ ಕಡಿಮೆಯಲ್ಲಿರುತ್ತದೆ. ಮುಂದಿನ ಲಾರಿಯನ್ನು ದಾಟಬೇಕೆಂದರೆ ಗೇರು ಇಳಿಸಬೇಕಾಗಿಲ್ಲ, ಮಣಿಕಟ್ಟನ್ನು ಸ್ವಲ್ಪ ತಿರುಗಿಸಿದರೆ ಸಾಕು. ಇಡೀ ದಿನ ಹೀಗೆ ಓಡಿಸಿದ ಮೇಲೆ ಇಳಿದಾಗ ಮೈ ದಣಿದಿರುವುದಿಲ್ಲ. ಈ ಗಾಡಿಯ ಮೊದಲ ಗುಣ ಇದೇ, ಮತ್ತು ಇದನ್ನು ಅಂಕಿಪಟ್ಟಿ ನೋಡಿ ತಿಳಿಯುವುದು ಕಷ್ಟ.

ತಿರುವುಪ್ರಿಯ

ಚಕ್ರಕ್ಕೆ ತಲುಪುವ ಟಾರ್ಕ್ ಗೇರಿನ ಅನುಪಾತವನ್ನು ಅವಲಂಬಿಸಿರುತ್ತದೆ ಎಂಬುದನ್ನು ನೀವು ಬಿಟ್ಟಿದ್ದೀರಿ. ಎರಡು ಗೇರು ಇಳಿಸಿದರೆ ನನ್ನ ಬೈಕು ನಿಮ್ಮದಕ್ಕಿಂತ ಹೆಚ್ಚು ಎಳೆಯುತ್ತದೆ.

ಮಂದಗತಿ

ಒಪ್ಪುತ್ತೇನೆ, ಭೌತಶಾಸ್ತ್ರ ನಿಮ್ಮ ಪರವಾಗಿಯೇ ಇದೆ. ಆದರೆ ಆ ಎರಡು ಗೇರುಗಳನ್ನು ಇಳಿಸುವ ಕೆಲಸ, ಆಗ ಏರುವ ಸುತ್ತು, ಅದರೊಂದಿಗೆ ಬರುವ ಸದ್ದು ಮತ್ತು ಕಂಪನ, ಇವೆಲ್ಲ ಸವಾರನಿಗೇ ತಾನೇ ಸೇರುವುದು? ಕ್ರೂಸರ್ ಕೊಳ್ಳುವವನು ಅದೆಲ್ಲ ಬೇಡವೆಂದೇ ಕೊಳ್ಳುತ್ತಾನೆ. ಯಾವುದು ವೇಗ ಎಂಬ ಪಂದ್ಯ ಇಲ್ಲಿ ನಡೆಯುತ್ತಿಲ್ಲ.

ಹಳೇ ಪಿಸ್ಟನ್

ಸದ್ದನ್ನು ತಿರುವುಪ್ರಿಯ ಅವರು ಅಲಂಕಾರದ ವಸ್ತುವೆಂಬಂತೆ ಒಂದೇ ಮಾತಿನಲ್ಲಿ ಬದಿಗಿಟ್ಟಿದ್ದಾರೆ. ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ಸೈಲೆನ್ಸರಿನ ಕೆಲಸವಲ್ಲ, ಎಂಜಿನ್ನಿನ ಎಲುಬಿನಲ್ಲಿಯೇ ಇರುವ ಗುಣ.

ಎರಡು ಸಿಲಿಂಡರುಗಳ ನಡುವಿನ ಕೋನ 45 ಡಿಗ್ರಿ. ಎರಡೂ ಪಿಸ್ಟನ್‌ಗಳ ಕನೆಕ್ಟಿಂಗ್ ರಾಡುಗಳು, ಪಿಸ್ಟನ್ನಿನ ಓಟವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕಿನ ಒಂದೇ ಪಿನ್ನಿಗೆ ಸೇರಿಕೊಂಡಿವೆ. ಆದ್ದರಿಂದ ಒಂದು ಸಿಲಿಂಡರು ಉರಿದ 315 ಡಿಗ್ರಿಗಳ ನಂತರ ಇನ್ನೊಂದು ಉರಿಯುತ್ತದೆ, ಆಮೇಲೆ 405 ಡಿಗ್ರಿಗಳ ಬಿಡುವಿನ ನಂತರ ಮತ್ತೆ ಮೊದಲನೆಯದರ ಸರದಿ. ಎರಡು ಬಡಿತ ಹತ್ತಿರ ಹತ್ತಿರ, ನಂತರ ಒಂದು ಬಿಡುವು: ಕಿವಿಗೆ ಕೇಳುವ ಆ ಕುಂಟು ತಾಳ ಇಲ್ಲಿಂದ ಬರುತ್ತದೆ. ಹೋಂಡಾ ತನ್ನ ಶ್ಯಾಡೋ 1100ರಲ್ಲಿ ಕ್ರ್ಯಾಂಕ್ ಪಿನ್ನುಗಳನ್ನು ಪಕ್ಕಕ್ಕೆ ಸರಿಸಿ ಕಂಪನವನ್ನು ತಗ್ಗಿಸಿತ್ತು. ಆದರೆ 1995ರಲ್ಲಿ ಬಂದ ಶ್ಯಾಡೋ ಏಸ್‌ನಲ್ಲಿ, ಕಂಪನ ಹೆಚ್ಚಿದರೂ ಚಿಂತೆಯಿಲ್ಲವೆಂದು, ಈ ತಾಳಕ್ಕಾಗಿಯೇ ಒಂದೇ ಪಿನ್ನಿನ ಕ್ರ್ಯಾಂಕ್ ಹಾಕಿತು. ಹಾರ್ಲೆ ಕಂಪನಿ 1994ರಲ್ಲಿ ತನ್ನ ಎಂಜಿನ್ನಿನ ಸದ್ದನ್ನೇ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಅರ್ಜಿ ಹಾಕಿ, ವರ್ಷಗಟ್ಟಲೆ ವಾದ ನಡೆದ ಮೇಲೆ 2000ದಲ್ಲಿ ಅದನ್ನು ಹಿಂತೆಗೆದುಕೊಂಡಿತು. ತಯಾರಕರೇ ಇಷ್ಟು ಬೆಲೆ ಕೊಟ್ಟ ಗುಣವನ್ನು ಕೊಳ್ಳುವವನು ಬೆಲೆಯಿಲ್ಲದ್ದೆಂದು ಏಕೆ ಎಣಿಸಬೇಕು?

ಕೀಲಿಕೈ

ಆ ಕಂಪನದ ಬಗ್ಗೆಯೇ ನನಗೆ ಭಯ. ಕೈ ಜೋಮು ಹಿಡಿಯುವುದಿಲ್ಲವೇ?

ಹಳೇ ಪಿಸ್ಟನ್

ಹೆರಿಟೇಜ್ ಕ್ಲಾಸಿಕ್ ಸೇರಿರುವ ಸಾಫ್ಟೇಲ್ ಎಂಬ ಸರಣಿಯ ಈ ಚಾಸಿಯಲ್ಲಿ ಎಂಜಿನ್ನನ್ನು ರಬ್ಬರಿನ ಮೇಲೆ ಕೂರಿಸದೆ ನೇರವಾಗಿ ಬಿಗಿದಿರುವುದರಿಂದ, ಕಂಪನವನ್ನು ಅಡಗಿಸಲು ಒಳಗೆ ಎರಡು ಕೌಂಟರ್ ಬ್ಯಾಲೆನ್ಸರುಗಳನ್ನು ಇಟ್ಟಿದ್ದಾರೆ. ನಿಂತಲ್ಲಿ ಐಡ್ಲಿಂಗ್‌ನಲ್ಲಿರುವಾಗ ಮಿಡಿತ ಗೊತ್ತಾಗುತ್ತದೆ. ಹೆದ್ದಾರಿಯ ವೇಗದಲ್ಲಿ ಕೈ ಜೋಮು ಹಿಡಿಸುವಂಥ ನಡುಕ ಇರುವುದಿಲ್ಲ.

ಸೈಡ್‌ಸ್ಟ್ಯಾಂಡ್

ಹಿಂದುಗಡೆ ಶಾಕೇ ಇಲ್ಲದ ಗಾಡಿಯಲ್ಲಿ ದೂರದ ಪ್ರಯಾಣ ಎಂದರೆ ಬೆನ್ನಿನ ಗತಿ ಏನು ಎಂಬುದನ್ನೂ ಯೋಚಿಸಬೇಕು. ಚಿತ್ರದಲ್ಲಿ ನೋಡಿದರೆ ಹಿಂಚಕ್ರ ನೇರವಾಗಿ ಚಾಸಿಗೆ ಸೇರಿದಂತಿದೆ.

ಸ್ಪಾನರ್

ಶಾಕ್ ಇದೆ, ಕಾಣದಂತೆ ಇದೆ. ಸಾಫ್ಟೇಲ್ ವಿನ್ಯಾಸದ ಉದ್ದೇಶವೇ ಅದು. 1984ರ ಮಾದರಿಯಾಗಿ ಮೊದಲು ಬಂದಾಗಿನಿಂದ, ಹಿಂದುಗಡೆ ಸ್ಪ್ರಿಂಗೇ ಇಲ್ಲದ ಹಳೆಯ ಕಾಲದ ಬೈಕುಗಳ ಗೆರೆಯನ್ನು ಉಳಿಸಿಕೊಂಡು, ಶಾಕುಗಳನ್ನು ಗೇರ್‌ಬಾಕ್ಸಿನ ಕೆಳಗೆ ಅಡ್ಡಲಾಗಿ ಅಡಗಿಸುತ್ತಿದ್ದರು. 2018ರಲ್ಲಿ ಚಾಸಿಯನ್ನೇ ಹೊಸದಾಗಿ ಮಾಡಿ, ಸೀಟಿನ ಕೆಳಗೆ ಒಂದೇ ಶಾಕ್ ಇಟ್ಟರು. ಆದ್ದರಿಂದ ಉದ್ದದಾರಿ ಅವರು ನೋಡಿರುವ 2018ರ ಗಾಡಿಗೂ ಅದರ ಹಿಂದಿನ ವರ್ಷದ ಗಾಡಿಗೂ ಹೆಸರು ಬಹುತೇಕ ಒಂದೇ ಇದ್ದರೂ ಕೂತು ಓಡಿಸಿದರೆ ಬಹಳ ವ್ಯತ್ಯಾಸವಿದೆ. 2017ರ ಸಾಫ್ಟೇಲಿನಲ್ಲಿ ಇನ್ನೂ ಹಳೆಯ ಟ್ವಿನ್ ಕ್ಯಾಮ್ ಎಂಜಿನ್ನೇ ಇತ್ತು. ಬಳಸಿದ ಗಾಡಿಗಳ ಜಾಹೀರಾತುಗಳಲ್ಲಿ ಹೆಸರನ್ನು ಮಾತ್ರ ನೋಡದೆ ವರ್ಷವನ್ನೂ ನೋಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕಾಗಿಯೇ.

ಪುಟ್ಟಹೆಜ್ಜೆ

ನಾನು ಎತ್ತರ ಕಡಿಮೆಯಿರುವ ಮಹಿಳೆ, ಮತ್ತು ಭಾರದ ಕ್ರೂಸರ್ ಓಡಿಸುತ್ತೇನೆ. ಇಲ್ಲಿಯವರೆಗೆ ಯಾರೂ ಹೇಳದ ಒಂದು ಆಕರ್ಷಣೆಯನ್ನು ಸೇರಿಸುತ್ತೇನೆ: ಸೀಟಿನ ಎತ್ತರ. ಹೆರಿಟೇಜ್ ಕ್ಲಾಸಿಕ್‌ನ ಸೀಟು ನೆಲದಿಂದ 680 ಮಿಲಿಮೀಟರ್ ಮಾತ್ರ ಎತ್ತರದಲ್ಲಿದೆ. ಸಾಹಸದ ಪ್ರವಾಸಕ್ಕೆಂದು ಮಾರುವ ಎತ್ತರದ ಬೈಕುಗಳಲ್ಲಿ ತುದಿಗಾಲಿನಲ್ಲಿ ನಿಲ್ಲಬೇಕಾದ ನಾನು ಇಲ್ಲಿ ಎರಡೂ ಪಾದಗಳನ್ನು ಪೂರ್ತಿಯಾಗಿ ಊರುತ್ತೇನೆ. ಭಾರವೆಲ್ಲ ಕೆಳಗಿರುವುದರಿಂದ, ನಡಿಗೆಯ ವೇಗ ದಾಟಿದ ಕೂಡಲೇ 330 ಕೆಜಿಯ ನೆನಪೇ ಬರುವುದಿಲ್ಲ.

ಆದರೆ ನಿಂತಾಗ ಬರುತ್ತದೆ, ಮತ್ತು ಇದನ್ನು ಮುಚ್ಚಿಡುವುದು ಸರಿಯಲ್ಲ. ಇಳಿಜಾರಿನಲ್ಲಿ ಗೋಡೆಗೆ ಮುಖಮಾಡಿ ನಿಲ್ಲಿಸಿದರೆ ಹಿಂದಕ್ಕೆ ತಳ್ಳಿ ತೆಗೆಯುವುದು ಒಬ್ಬರಿಂದ ಆಗದ ಮಾತು. ಆದ್ದರಿಂದ ನಿಲ್ಲಿಸುವಾಗಲೇ ಹೊರಡುವುದನ್ನು ಯೋಚಿಸಬೇಕು. ಹ್ಯಾಂಡಲ್ ತಿರುಗಿಸಿಕೊಂಡು ನಿಧಾನವಾಗಿ ಹೋಗುವಾಗ ಮುಂಬ್ರೇಕನ್ನು ಹಠಾತ್ತಾಗಿ ಹಿಡಿದರೆ ಗಾಡಿ ಒಳಗಡೆಗೆ ಬಿದ್ದೇ ಬೀಳುತ್ತದೆ. ಕ್ಲಚ್ಚನ್ನು ಅರ್ಧದಲ್ಲಿ ಹಿಡಿದು, ಹಿಂಬ್ರೇಕನ್ನು ಲಘುವಾಗಿ ಒತ್ತಿಕೊಂಡು, ಹೋಗಬೇಕಾದ ಕಡೆಗೆ ತಲೆ ತಿರುಗಿಸಿ ನೋಡುವುದನ್ನು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿದವರಿಗೆ ಈ ಗಾಡಿ ಸಾಧುವಾಗಿ ವರ್ತಿಸುತ್ತದೆ. ಬಿದ್ದ ಗಾಡಿಯನ್ನು ಎತ್ತಲು ಅದಕ್ಕೆ ಬೆನ್ನು ಕೊಟ್ಟು ಕುಕ್ಕರಿಸಿ, ಬೆನ್ನು ನೇರವಾಗಿಟ್ಟುಕೊಂಡು, ಕಾಲಿನ ಬಲದಿಂದ ಸಣ್ಣ ಸಣ್ಣ ಹೆಜ್ಜೆಯಿಡುತ್ತ ಹಿಂದಕ್ಕೆ ನಡೆಯಬೇಕು. ಗಾಡಿ ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲು ಸೈಡ್ ಸ್ಟ್ಯಾಂಡನ್ನು ಇಳಿಸಿಡಲು ಮರೆಯಬಾರದು.

ಶಾಫ್ಟ್‌ಗೆಳೆಯ

ಹಿಂದಕ್ಕೆ ತಳ್ಳುವ ತೊಂದರೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಬೇರೆ ತಯಾರಕರನ್ನೂ ನೋಡಿ. ಹೋಂಡಾ ಗೋಲ್ಡ್‌ವಿಂಗ್‌ಗೆ 1988ರ 1500 ಸಿಸಿಯ ಮಾದರಿಯಿಂದಲೇ ರಿವರ್ಸ್ ಇದೆ. 2020ರಲ್ಲಿ ಬಂದ ಬಿಎಂಡಬ್ಲ್ಯು ಆರ್ 18ಕ್ಕೂ ರಿವರ್ಸ್ ಹಾಕಿಸಿಕೊಳ್ಳುವ ಅವಕಾಶವಿದೆ. ಅದರ 1802 ಸಿಸಿಯ ಬಾಕ್ಸರ್ ಎಂಜಿನ್ 3000 ಸುತ್ತಿನಲ್ಲಿ 158 ನ್ಯೂಟನ್ ಮೀಟರ್ ಕೊಡುತ್ತದೆ, ತೂಕ 345 ಕೆಜಿ. ಎರಡಕ್ಕೂ ಶಾಫ್ಟ್ ಡ್ರೈವ್, ಅಂದರೆ ಹಿಂಚಕ್ರವನ್ನು ತಿರುಗಿಸುವುದು ಒಂದು ದಂಡ, ಆದ್ದರಿಂದ ಬೆಲ್ಟು ಹರಿಯುವ ಚಿಂತೆಯಿಲ್ಲ. ಇನ್ನೂ ಬಲ ಬೇಕೆನ್ನುವವರಿಗೆ ಟ್ರಯಂಫ್ ರಾಕೆಟ್ 3 ಇದೆ: 2458 ಸಿಸಿ, ಮೂರು ಸಿಲಿಂಡರು, 220ಕ್ಕೂ ಹೆಚ್ಚು ನ್ಯೂಟನ್ ಮೀಟರ್. ಅದರ ಮುಂದೆ ತಿರುವುಪ್ರಿಯ ಅವರ ವಾದ ಅರ್ಧಕ್ಕರ್ಧ ಕರಗುತ್ತದೆ.

ತಿರುವುಪ್ರಿಯ

ರಾಕೆಟ್ 3ನ್ನು ನಾನು ಗೌರವಿಸುತ್ತೇನೆ. ಅದರ ಮುಂಚಕ್ರದಲ್ಲಿ ಎರಡು ಡಿಸ್ಕುಗಳಿವೆ ಎಂಬುದನ್ನೂ ನೆನಪಿಸುತ್ತೇನೆ.

ಮಂದಗತಿ

ಬ್ರೇಕಿನ ಮಾತು ಮತ್ತೆ ಮತ್ತೆ ಬರುತ್ತಿರುವುದರಿಂದ ಅದನ್ನು ಸ್ಪಷ್ಟಪಡಿಸೋಣ. ಹೆರಿಟೇಜ್ ಕ್ಲಾಸಿಕ್‌ನ ಎರಡು ಚಕ್ರಗಳ ನಡುವಿನ ಅಂತರ 1630 ಮಿಲಿಮೀಟರ್, ಸ್ಪೋರ್ಟ್ಸ್ ಬೈಕಿನಲ್ಲಿ ಅದು 1400ರ ಸುತ್ತಮುತ್ತ. ಉದ್ದವಾದ, ತಗ್ಗಿನ ಗಾಡಿಯಲ್ಲಿ ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ಸರಿಯುವುದು ಕಡಿಮೆ, ಹಿಂಚಕ್ರ ನೆಲವನ್ನು ಬಿಟ್ಟೇಳುವುದಿಲ್ಲ. ಆದ್ದರಿಂದ ಹಿಂಬ್ರೇಕು ಇಲ್ಲಿ ನಿಜವಾದ ಕೆಲಸ ಮಾಡುತ್ತದೆ. ಸ್ಪೋರ್ಟ್ಸ್ ಬೈಕಿನ ಅಭ್ಯಾಸದಿಂದ ಮುಂಬ್ರೇಕನ್ನು ಮಾತ್ರ ನಂಬಿ ಓಡಿಸುವವರಿಗೆ ಈ ಗಾಡಿ ನಿಲ್ಲುವುದಿಲ್ಲ ಎನ್ನಿಸುವುದು ಸಹಜ. ಎರಡನ್ನೂ ಒಟ್ಟಿಗೆ ಬಳಸಬೇಕು. ಹಾಗೆ ಬಳಸಿದರೂ ಇದು ಎರಡು ಡಿಸ್ಕಿನ ಹಗುರ ಬೈಕಿನಷ್ಟು ಬೇಗ ನಿಲ್ಲುತ್ತದೆಂದು ನಾನು ಹೇಳುವುದಿಲ್ಲ; ಮುಂದಿನ ವಾಹನದಿಂದ ಹೆಚ್ಚು ಅಂತರ ಬಿಟ್ಟು ಓಡಿಸುವುದನ್ನು ಈ ಗಾಡಿಯೊಂದಿಗೆ ಕಲಿಯಲೇಬೇಕು.

ತಿರುವಿನ ಬಗ್ಗೆಯೂ ಒಂದು ಮಾತು. ಮುಂದಿನ ಫೋರ್ಕು ಲಂಬದಿಂದ 30 ಡಿಗ್ರಿ ಹಿಂದಕ್ಕೆ ವಾಲಿರುವ ವಿನ್ಯಾಸದಲ್ಲಿ ಗಾಡಿ ನೇರ ದಾರಿಯನ್ನು ತಾನಾಗಿ ಹಿಡಿದುಕೊಳ್ಳುತ್ತದೆ. ಅಡ್ಡಗಾಳಿ ಬಂದರೂ ಸಣ್ಣ ಗುಂಡಿ ಸಿಕ್ಕಿದರೂ ಬೆದರುವುದಿಲ್ಲ. ಅದಕ್ಕೆ ತೆರಬೇಕಾದ ಬೆಲೆ ತಿರುವಿನ ಚುರುಕು. ಒಂದೇ ಗಾಡಿಯಲ್ಲಿ ಎರಡನ್ನೂ ಪೂರ್ತಿಯಾಗಿ ಕೇಳುವಂತಿಲ್ಲ.

ಹಿಂಬದಿ ಸೀಟು

ನನ್ನ ಪತಿ ಓಡಿಸುತ್ತಾರೆ, ನಾನು ಹಿಂದೆ ಕೂರುತ್ತೇನೆ. ಸ್ಪೋರ್ಟ್ಸ್ ಬೈಕಿನ ಹಿಂದಿನ ಸೀಟಿನಲ್ಲಿ ಎತ್ತರಕ್ಕೇರಿ ಮಂಡಿ ಮಡಚಿ ಕೂರುವುದಕ್ಕೂ ಕ್ರೂಸರ್‌ನಲ್ಲಿ ಕೂರುವುದಕ್ಕೂ ಹೋಲಿಕೆಯೇ ಇಲ್ಲ. ಆದರೂ ಕೊಳ್ಳುವ ಮುನ್ನ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ ಕೂರಿಸಿ ನೋಡಿ, ಉದ್ದದಾರಿ ಅವರೇ. ಬೆನ್ನಿಗೆ ಆಸರೆ ಇಲ್ಲದ ಗಾಡಿಯಲ್ಲಿ ಈ ಟಾರ್ಕ್‌ನೊಂದಿಗೆ ಹೊರಟಾಗ ಹಿಂದಿದ್ದವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಗುತ್ತದೆ. ಇನ್ನೊಂದು ವಿಷಯ ಬಿಸಿ. ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋಗುವಾಗ ಹಿಂದಿನ ಸಿಲಿಂಡರಿನ ಶಾಖ ಓಡಿಸುವವರ ತೊಡೆಗೆ ನೇರವಾಗಿ ಬಡಿಯುತ್ತದೆ.

ಸ್ಪಾನರ್

ಬಿಸಿಯ ಬಗ್ಗೆ ಅವರು ಹೇಳಿದ್ದು ಸತ್ಯ. ಈ 107ರಲ್ಲಿ ಎಕ್ಸಾಸ್ಟ್ ವಾಲ್ವುಗಳ ಸುತ್ತ ಎಣ್ಣೆ ಹರಿಸಿ ಸಿಲಿಂಡರಿನ ತಲೆಯನ್ನು ತಂಪಾಗಿಸುವ ವ್ಯವಸ್ಥೆಯಿದೆ, ಹಾಗಾಗಿ ಹಿಂದಿನ ಎಂಜಿನ್ನುಗಳಿಗಿಂತ ವಾಸಿ. ಆದರೆ ಗಾಳಿಯೇ ಮುಖ್ಯ ಆಸರೆಯಾಗಿರುವ ಎಂಜಿನ್ನಿಗೆ ನಿಂತ ಟ್ರಾಫಿಕ್ ಹಿಡಿಸುವುದಿಲ್ಲ. ಪ್ರತಿದಿನ ಕಿಕ್ಕಿರಿದ ದಾರಿಯಲ್ಲಿಯೇ ಓಡಾಡುವವರು ಇಂಡಿಯನ್ ಸ್ಕೌಟ್‌ನಂತಹ, ನೀರಿನಿಂದ ತಂಪಾಗುವ ಹಗುರ ಕ್ರೂಸರ್ ನೋಡುವುದು ಮೇಲು.

ಇನ್ನು ಉದ್ದದಾರಿ ಅವರ ಗಾಡಿಯ ವಿಷಯ. ಓಟ ಕಡಿಮೆ ಎಂಬುದನ್ನು ಗುಣವೆಂದು ಕಣ್ಣುಮುಚ್ಚಿ ಒಪ್ಪಬೇಡಿ. ಮೋಟರ್‌ಸೈಕಲ್ ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದು ಹೆಚ್ಚು. ನಿಂತ ಗಾಡಿಯಲ್ಲಿ ಪೆಟ್ರೋಲು ಕೆಟ್ಟು ಇಂಜೆಕ್ಟರಿನಲ್ಲಿ ಅಂಟಾಗುತ್ತದೆ, ಬ್ಯಾಟರಿ ಸಾಯುತ್ತದೆ, ಆಯಿಲ್ ಸೀಲುಗಳು ಗಡುಸಾಗುತ್ತವೆ. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗಾಡಿಯೊಂದಿಗೆ ಬಂದ ಟೈರೇ ಇನ್ನೂ ಇದ್ದರೆ, ಅದರ ಮೇಲ್ಮೈಯ ತೋಡುಗಳು ಎಷ್ಟೇ ಆಳವಾಗಿ ಕಂಡರೂ ಎರಡನ್ನೂ ಬದಲಿಸಬೇಕೆಂದೇ ಲೆಕ್ಕ ಹಾಕಿಕೊಂಡು ಬೆಲೆ ಮಾತಾಡಿ. ಸ್ಪೋಕ್ ಚಕ್ರವಾದ್ದರಿಂದ ಒಳಗೆ ಟ್ಯೂಬ್ ಇದೆಯೇ ಎಂದು ಕೇಳಿ. ಟ್ಯೂಬ್ ಇದ್ದರೆ ದಾರಿಯಲ್ಲಿ ಪಂಕ್ಚರಾದಾಗ ಹೊರಗಿನಿಂದ ಪ್ಲಗ್ ಹಾಕಿ ಮುಂದೆ ಹೋಗಲಾಗದು, ಚಕ್ರ ಬಿಚ್ಚಲೇಬೇಕು.

ನೋಡಲು ಹೋಗುವ ಮೊದಲು ಎಂಜಿನ್ ಚಾಲೂ ಮಾಡಬೇಡಿ ಎಂದು ಮಾರುವವರಿಗೆ ತಿಳಿಸಿ, ಹೋದ ಕೂಡಲೇ ಸಿಲಿಂಡರನ್ನು ಮುಟ್ಟಿ ನೋಡಿ. ತಣ್ಣಗಿರುವ ಎಂಜಿನ್ ಹೇಗೆ ಎದ್ದೇಳುತ್ತದೆ ಎಂಬುದು ಬಹಳ ಹೇಳುತ್ತದೆ. ಬೆಲ್ಟಿನ ಒಳಮೈಯನ್ನು ಚಕ್ರ ತಿರುಗಿಸುತ್ತ ಪೂರ್ತಿ ನೋಡಿ. ಒಂದು ಸಣ್ಣ ಕಲ್ಲು ಸಿಕ್ಕಿಕೊಂಡು ತೂತು ಮಾಡಿದ್ದರೂ, ಹಲ್ಲಿನ ಬುಡದಲ್ಲಿ ಬಿರುಕು ಕಂಡರೂ ಬೆಲ್ಟನ್ನು ಬದಲಿಸಬೇಕಾಗಬಹುದು. ಫುಟ್‌ಬೋರ್ಡಿನ ಅಂಚು ಉಜ್ಜಿರುವುದಕ್ಕೆ ಹೆದರಬೇಡಿ, ಅದು ತಿರುವಿನ ಗುರುತು. ಹ್ಯಾಂಡಲಿನ ತುದಿ, ಲಿವರಿನ ತುದಿ, ಸ್ಯಾಡಲ್‌ಬ್ಯಾಗಿನ ಮೂಲೆ ಮೂರೂ ಒಂದೇ ಬದಿಯಲ್ಲಿ ಸವೆದಿದ್ದರೆ ಗಾಡಿ ಬಿದ್ದಿದೆ.

ಸರ್ವಿಸಿನ ಚೀಟಿಗಳನ್ನು ಕೇಳುವಾಗ ಒಂದು ವಿಷಯ ನೆನಪಿರಲಿ. ಈ ಗಾಡಿಯಲ್ಲಿ ಎಂಜಿನ್ನಿಗೆ ಬೇರೆ, ಪ್ರೈಮರಿಗೆ (ಎಂಜಿನ್ನಿನ ಬಲವನ್ನು ಕ್ಲಚ್ಚಿಗೆ ಸಾಗಿಸುವ ಭಾಗಕ್ಕೆ) ಬೇರೆ, ಗೇರ್‌ಬಾಕ್ಸಿಗೆ ಬೇರೆ, ಹೀಗೆ ಮೂರು ಕಡೆ ಎಣ್ಣೆಯಿದೆ. ಮೊದಲ ಸರ್ವಿಸ್ 1600 ಕಿಲೋಮೀಟರಿಗೆ, ನಂತರದವು 8000ಕ್ಕೊಮ್ಮೆ. ಓಟ ಕಡಿಮೆಯೆಂದು ವರ್ಷಗಟ್ಟಲೆ ಎಣ್ಣೆಯನ್ನೇ ಬದಲಿಸದ ಗಾಡಿಗಳನ್ನು ನನ್ನ ಕೆಲಸದಲ್ಲಿ ನೋಡುತ್ತಲೇ ಇರುತ್ತೇನೆ. ವಾಲ್ವ್ ಹೊಂದಿಸುವ ಖರ್ಚು ಮಾತ್ರ ಇಲ್ಲ, ಏಕೆಂದರೆ ಹೈಡ್ರಾಲಿಕ್ ಲಿಫ್ಟರುಗಳು ಆ ಅಂತರವನ್ನು ತಾವೇ ನೋಡಿಕೊಳ್ಳುತ್ತವೆ.

ಕೀಲಿಕೈ

ಇದಕ್ಕಿಂತ ಹಳೆಯ ಟ್ವಿನ್ ಕ್ಯಾಮ್ ಗಾಡಿಗಳು ಅಗ್ಗವಾಗಿ ಸಿಗುತ್ತವೆ. ಅವುಗಳನ್ನು ನೋಡಬಾರದೇ?

ಸ್ಪಾನರ್

ನೋಡಬಹುದು. 1999ರಿಂದ 2006ರವರೆಗಿನ ಬಹುಪಾಲು ಟ್ವಿನ್ ಕ್ಯಾಮ್‌ಗಳಲ್ಲಿ ವಾಲ್ವುಗಳನ್ನು ನಡೆಸುವ ಕ್ಯಾಮ್‌ನ ಚೈನನ್ನು ಬಿಗಿಯಾಗಿಡುವ ಟೆನ್ಷನರು ಸ್ಪ್ರಿಂಗಿನದು. ಅದರ ಪ್ಲಾಸ್ಟಿಕ್ ಪಾದ ಸವೆದು ಚೂರಾದರೆ ಆ ಚೂರುಗಳು ಆಯಿಲ್ ಪಂಪನ್ನು ಸೇರುತ್ತವೆ. ಅದನ್ನು ಬದಲಿಸಿದ ಚೀಟಿ ಇಲ್ಲದಿದ್ದರೆ ಆ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. 2007ರಿಂದ ಹೈಡ್ರಾಲಿಕ್ ಟೆನ್ಷನರು ಬಂದ ಮೇಲೆ ಆ ತೊಂದರೆ ಬಹಳ ತಗ್ಗಿತು.

ಉದ್ದದಾರಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಟಾರ್ಕ್ ಬಗ್ಗೆ ಮಂದಗತಿ ಅವರು ಬರೆದದ್ದು ನನ್ನ ಮೂಲ ಪ್ರಶ್ನೆಗೆ ನೇರ ಉತ್ತರ. ನನ್ನ ಸವಾರಿಯೆಲ್ಲ ಊರ ಹೊರಗಿನ ಉದ್ದ ದಾರಿಗಳಲ್ಲಿಯೇ ಆದ್ದರಿಂದ ಬಿಸಿಯ ತೊಂದರೆ ನನಗೆ ಅಷ್ಟಾಗಿ ತಟ್ಟದು. ಮಾರುವವರೊಂದಿಗೆ ಮಾತಾಡಿದಾಗ ಎರಡು ವಿಷಯ ತಿಳಿಯಿತು. ಟೈರುಗಳು ಗಾಡಿಯೊಂದಿಗೆ ಬಂದವೇ. ಸೈಲೆನ್ಸರು ಮತ್ತು ಏರ್ ಫಿಲ್ಟರ್ ಎರಡನ್ನೂ ಹೊರಗಿನವು ಹಾಕಿಸಿದ್ದಾರೆ, ಅದರಿಂದ ಗಾಡಿಯ ಬೆಲೆ ಹೆಚ್ಚಿದೆ ಎನ್ನುತ್ತಿದ್ದಾರೆ.

ಹಳೇ ಪಿಸ್ಟನ್

ಹೆಚ್ಚಿಲ್ಲ. ಒಳಗೆ ಹೋಗುವ ಗಾಳಿಯೂ ಹೊರಹೋಗುವ ಹೊಗೆಯೂ ಬದಲಾದ ಮೇಲೆ ಅದಕ್ಕೆ ತಕ್ಕಂತೆ ಇಂಧನದ ಮ್ಯಾಪನ್ನು (ಎಷ್ಟು ಪೆಟ್ರೋಲು ಹರಿಸಬೇಕೆಂದು ಹೇಳುವ ಗಾಡಿಯ ಕಂಪ್ಯೂಟರಿನ ಲೆಕ್ಕವನ್ನು) ಹೊಂದಿಸದಿದ್ದರೆ, ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಮ್ಯಾಪ್ ಮಾಡಿಸಿದ ದಾಖಲೆ ಕೇಳಿ. ಕಂಪನಿಯ ಮೂಲ ಸೈಲೆನ್ಸರು ಮತ್ತು ಫಿಲ್ಟರನ್ನು ಇಟ್ಟುಕೊಂಡಿದ್ದರೆ ಗಾಡಿಯ ಜೊತೆಗೇ ಕೊಡಲು ಹೇಳಿ. ಅವಿಲ್ಲದಿದ್ದರೆ ಬೆಲೆ ಇಳಿಯಬೇಕೇ ಹೊರತು ಏರಬಾರದು.

ತಿರುವುಪ್ರಿಯ

ಇಷ್ಟು ಓದಿದ ಮೇಲೂ ನಾನು ಕೊಳ್ಳುವುದಿಲ್ಲ. ಆದರೆ ದಿನಕ್ಕೆ ನೂರಾರು ಕಿಲೋಮೀಟರ್ ನೇರ ದಾರಿಯಲ್ಲಿ ಹೋಗುವವರು ಇದನ್ನು ಏಕೆ ಆರಿಸುತ್ತಾರೆಂದು ಈಗ ಅರ್ಥವಾಗುತ್ತದೆ. ಉದ್ದದಾರಿ ಅವರೇ, ಪರೀಕ್ಷೆಗೆ ಓಡಿಸುವಾಗ ವಿಂಡ್‌ಶೀಲ್ಡ್ ಇಟ್ಟುಕೊಂಡು ಒಮ್ಮೆ, ಕಳಚಿ ಒಮ್ಮೆ ಹೆದ್ದಾರಿಯ ವೇಗದಲ್ಲಿ ಓಡಿಸಿ. ನಿಮ್ಮ ಎತ್ತರಕ್ಕೆ ಗಾಳಿ ನೇರವಾಗಿ ಹೆಲ್ಮೆಟ್ಟಿಗೆ ಹೊಡೆದು ತಲೆ ಅದುರಿಸುತ್ತಿದ್ದರೆ ಅರ್ಧ ದಿನದಲ್ಲಿ ಕುತ್ತಿಗೆ ಸೋಲುತ್ತದೆ.

ಪುಟ್ಟಹೆಜ್ಜೆ

ಇನ್ನೊಂದು ಸಣ್ಣ ವಿಷಯ. ಈ ಗಾಡಿಗೆ ಕೀಲಿ ತಿರುಗಿಸುವಂತಿಲ್ಲ, ಜೇಬಿನಲ್ಲಿ ಫಾಬ್ ಎಂಬ ಎಲೆಕ್ಟ್ರಾನಿಕ್ ಕೀಲಿ ಇದ್ದರೆ ಮಾತ್ರ ಚಾಲೂ ಆಗುತ್ತದೆ. ಎಷ್ಟು ಫಾಬ್ ಇವೆಯೋ ಅಷ್ಟನ್ನೂ ತೆಗೆದುಕೊಳ್ಳಿ. ಫಾಬ್‌ನ ಬ್ಯಾಟರಿ ಮುಗಿದಾಗ ಗಾಡಿಯನ್ನು ತೆರೆಯಲು ಗುಪ್ತಸಂಖ್ಯೆ ಇರುತ್ತದೆ. ಅದನ್ನು ಮಾರುವವರಿಂದ ಕೇಳಿ, ಅವರೆದುರಿಗೇ ಬದಲಿಸಿಕೊಳ್ಳಿ. ಸ್ಯಾಡಲ್‌ಬ್ಯಾಗಿನ ಬೀಗದ ಕೀಲಿಯನ್ನೂ ಮರೆಯದೆ ಕೇಳಿ.